ಹೊಂಗನೂರು ಹನುಮಂತಮ್ಮ ಅತ್ತ ಎರಡು ನಿಮಿಷ ಹತ್ತು ಸೆಕೆಂಡು

"ನನ್ನ ಹೊಟ್ಟೆ ಅಂದ್ರೆ ಕಣ್ವ ಡ್ಯಾಮ್ ಕಣ್ರವ್ವಾ. ಒಳಿಕ್ಕೆ ಬಿದ್ದ ಮಾತು ಬಿದ್ದಂಗೇ. ಅದರ ತೂಬು ಎತ್ತೋ ಗಂಡು ಈ ಚನ್ನಪಟ್ಟಣ ತಾಲೂಕಲ್ಲಿ ಇನ್ನೂ ಹುಟ್ಟಿಲ್ಲ!"

ಹೊಂಗನೂರಿನ ಹನುಮಂತಮ್ಮ ಈ ಮಾತನ್ನು ದಿನಕ್ಕೆ ಮೂರು ಸಲವಾದರೂ ಆಡುತ್ತಿದ್ದಳು. ಬೆಳಿಗ್ಗೆ ಡೇರಿಗೆ ಹಾಲು ಹಾಕುವಾಗ ಒಮ್ಮೆ, ಮಧ್ಯಾಹ್ನ ರೇಷ್ಮೆ ಹುಳಕ್ಕೆ ಸೊಪ್ಪು ಕೊಡುವಾಗ ಒಮ್ಮೆ, ಸಂಜೆ ಕೇಳುವವರು ಯಾರೂ ಸಿಗದಿದ್ದರೆ ಹಸುವಿನ ಮುಂದೆ ಒಮ್ಮೆ. ಮಾತು ಬರೀ ಬಡಾಯಿಯೂ ಅಲ್ಲ. ನಲವತ್ತು ವರ್ಷಗಳಿಂದ ಊರಿನ ಹೆಂಗಸರು ತಮ್ಮ ಗುಟ್ಟುಗಳನ್ನೆಲ್ಲ ತಂದು ಆ ಹೊಟ್ಟೆಗೆ ಸುರಿದು ಹಗುರಾಗಿ ಮನೆಗೆ ಹೋಗಿದ್ದರು. ರಾಗಿ ಕಣಜದಲ್ಲಿ ಬಳೆ ಬಚ್ಚಿಟ್ಟವಳು ಯಾರು, ಹತ್ತನೇ ಕ್ಲಾಸನ್ನು ನಾಲ್ಕು ಸಲ ಬರೆದು ಮದುವೆ ಮಾತುಕತೆಯಲ್ಲಿ ಬಿ.ಎ. ಅಂದವನು ಯಾರು, ಅತ್ತೆಯ ಕನ್ನಡಕವನ್ನು ಬೇಕೆಂದೇ ಒಲೆಗೆ ಹಾಕಿದ ಸೊಸೆ ಯಾರು, ಎಲ್ಲವೂ ಅಲ್ಲಿತ್ತು. ಆ ಸರಕು ಒಂದೇ ದಿನ ಹೊರಗೆ ಬಂದಿದ್ದರೆ ಚನ್ನಪಟ್ಟಣದಿಂದ ಕನಕಪುರದವರೆಗಿನ ಅರ್ಧ ಸಂಸಾರಗಳು ಮುರಿದು, ಉಳಿದರ್ಧ ಅದಲುಬದಲಾಗಿ ಹೊಸದಾಗಿ ಕೂಡಿಕೊಳ್ಳಬೇಕಾಗುತ್ತಿತ್ತು.

ಹನುಮಂತಮ್ಮನಿಗೆ ಇನ್ನೊಂದು ಕೀರ್ತಿಯೂ ಇತ್ತು. ಅದು ಅಳುವುದು.

ಸಾವಿನ ಮನೆಯಲ್ಲಿ ಹೆಣದ ತಲೆದೆಸೆಯಲ್ಲಿ ಕೂತು, ಸತ್ತವರ ಹುಟ್ಟಿನಿಂದ ಹಿಡಿದು ಕಡೆಯ ತುತ್ತಿನವರೆಗೆ ಹಾಡಿ ಹಾಡಿ ಅಳುವುದರಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ. ದೊಡ್ಡಆಲಹಳ್ಳಿಯ ತವರಿನಿಂದ ಹದಿನಾರಕ್ಕೆ ಸೊಸೆಯಾಗಿ ಬಂದವಳಿಗೆ ಈ ವಿದ್ಯೆಯನ್ನು ಕಲಿಸಿದವಳು ಅತ್ತೆ ದೊಡ್ಡಲಕ್ಷ್ಮಮ್ಮ. ಕಾಸು ಮುಟ್ಟುವಂತಿಲ್ಲ, ಕಾಫಿ ಎಲೆಅಡಿಕೆ ಮಾತ್ರ. ಒಂದು ಬರಗಾಲದ ವರ್ಷ ಅವಳು ಸತತ ಮೂರು ಸಾವಿಗೆ ಅತ್ತು ಮುಗಿಸುವಷ್ಟರಲ್ಲಿ ಕಣ್ವದ ನೀರು ಒಂದಡಿ ಏರಿತೆಂದೂ, ಇಂಜಿನಿಯರು ಬಂದು ಅಳತೆಪಟ್ಟಿಯನ್ನು ಎರಡು ಸಲ ಒರೆಸಿ ನೋಡಿದನೆಂದೂ ಪ್ರತೀತಿ. ಇನ್ನೊಂದು ಊರಲ್ಲಿ, ತನ್ನನ್ನು ಇಷ್ಟು ಹೊಗಳುತ್ತಿರುವವಳು ಯಾರೆಂದು ನೋಡಲು ಹೆಣವೇ ಒಂದು ಕಣ್ಣು ತೆರೆದು ಮುಚ್ಚಿತಂತೆ. ಇದನ್ನು ನಂಬದವರೂ ಉಂಟು. ಆದರೆ ಅವರ್‍ಯಾರೂ ಆ ದಿನ ಅಲ್ಲಿರಲಿಲ್ಲ.

ಈ ವಿದ್ಯೆಗೆ ಎರಡು ಕಟ್ಟಳೆಗಳಿದ್ದವು. "ಹೆಣದ ಮುಂದೆ ಸುಳ್ಳು ಅತ್ತರೆ ನಾಲಗೆ ಬಿದ್ದೋಯ್ತದೆ ಕಣೆ" ಎಂಬುದು ಅತ್ತೆ ಹೇಳಿಕೊಟ್ಟ ಮೊದಲನೆಯದು. ಆದ್ದರಿಂದ ಹನುಮಂತಮ್ಮ ಅಳುವ ಮೊದಲು ಸತ್ತವರ ಪೂರ್ತಿ ಚರಿತ್ರೆ ಕೇಳಿ ತಿಳಿಯುತ್ತಿದ್ದಳು. ಒಮ್ಮೆ ದನಿ ಎತ್ತಿದಳೋ, ಮುಗಿಯಿತು; ತಾನು ಏನು ಹಾಡುತ್ತಿದ್ದೇನೆಂದು ಅವಳಿಗೇ ತಿಳಿಯುತ್ತಿರಲಿಲ್ಲ. ಆಸ್ತಿ ಕಿತ್ತುಕೊಂಡ ಅಣ್ಣ, ಅನ್ನ ಹಾಕದ ಸೊಸೆ, ಎಲ್ಲರೂ ಹೆಸರು ಹಿಡಿದು ಅದರಲ್ಲಿ ಬಂದುಹೋಗುತ್ತಿದ್ದರು. ಎದ್ದು ಕಾಫಿ ಕುಡಿದರೆ ಅವಳಿಗೆ ಒಂದು ಅಕ್ಷರವೂ ನೆನಪಿರುತ್ತಿರಲಿಲ್ಲ.

ಎರಡನೆಯ ಕಟ್ಟಳೆ ಕೇಳುವವರಿಗೆ. ಅಳುವಿನಲ್ಲಿ ಬಂದ ಮಾತನ್ನು ಯಾರೂ ಮನೆಗೆ ಒಯ್ಯಬಾರದು. ಮಣ್ಣು ಮುಗಿಸಿ ಬಂದು ಕಾಲು ತೊಳೆದರೆ ಆ ಮಾತೂ ತೊಳೆದುಹೋದಂತೆ. ಮಾರನೆಯ ದಿನ ಅದನ್ನೆತ್ತಿ ಆಡಿದವರನ್ನು ಊರು ಮನುಷ್ಯರ ಲೆಕ್ಕದಲ್ಲಿ ಇಡುತ್ತಿರಲಿಲ್ಲ.

ಈ ವಿಷಯದಲ್ಲಿ ಊರಿನಲ್ಲೆಲ್ಲ ಹೆಚ್ಚು ಹೆದರಿದವನು ಅವಳ ಗಂಡ ಕೆಂಚಯ್ಯ. "ನಾನು ಮೊದಲು ಸತ್ರೆ ಇವಳು ಅಳ್ತಾಳೆ. ಅತ್ರೆ ನನ್ನ ಬಣ್ಣವೆಲ್ಲ ಬಯಲಾಯ್ತದೆ" ಎಂಬ ಒಂದೇ ಭಯಕ್ಕೆ ಆತ ಬೀಡಿ ಬಿಟ್ಟು, ಬೆಳಿಗ್ಗೆ ಎದ್ದು ನಡೆದು, ಎಪ್ಪತ್ತೆಂಟು ವರ್ಷ ಗುಂಡುಕಲ್ಲಿನ ಹಾಗೆ ಬದುಕಿದ್ದ.

ಹೀಗಿರುವಾಗ, ಊರಲ್ಲಿ ಎಳೆಯರ ಕೈಗೆಲ್ಲ ಹೊಸದಾಗಿ ಸ್ಮಾರ್ಟ್‌ಫೋನು ಬಂದಿದ್ದ ಒಂದು ವರ್ಷ, ಚನ್ನಪಟ್ಟಣದ ಕಾಲೇಜಿನಿಂದ ಮೂವರು ಹುಡುಗರು ಹನುಮಂತಮ್ಮನ ಜಗುಲಿಗೆ ಬಂದು ಕೂತರು. ಮಾಗಡಿಯ ಉಮಾಮಹೇಶ್ವರಿ ಡೈರೆಕ್ಟರು. ಚನ್ನಪಟ್ಟಣದವಳೇ ಆದ ಮುನವ್ವರಾ ಕ್ಯಾಮೆರಾ. ಉಯ್ಯಂಬಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಗವಿಸಿದ್ದಯ್ಯ, ತಾತನ ಹೆಸರು ಹೊತ್ತ ಬಡಕಲು ಹುಡುಗ, ಹೆಣ.

"ಹೆಣವಾ?" ಎಂದಳು ಹನುಮಂತಮ್ಮ.

"ಹೂಂ ಅಜ್ಜಿ, ಸಿನಿಮಾದಲ್ಲಿ. ನಮ್ಮ ತಾತ ಸತ್ತಾಗ ನೀವು ಉಯ್ಯಂಬಳ್ಳಿಗೆ ಬಂದು ಅತ್ತಿದ್ರಲ್ಲಾ? ಅಲ್ಲಿವರೆಗೂ ನಂಗೆ ತಾತ ಸತ್ತಿದ್ದೇ ನಾಟಿರಲಿಲ್ಲ. ಅದಕ್ಕೇ ಇವರನ್ನ ಕರಕೊಂಡು ಬಂದೆ" ಎಂದ ಗವಿ.

ಉಮಾ ವಿಷಯ ಬಿಡಿಸಿ ಹೇಳಿದಳು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕು ಊರಿನ ಕಾಲೇಜುಗಳಿಗೆ ಒಂದು ಸ್ಪರ್ಧೆ. ಮೊದಲು ಪ್ರತಿಯೊಬ್ಬರೂ ತಮ್ಮ ಸಿನಿಮಾದ ಟ್ರೇಲರ್ ಮಾತ್ರ ಮಾಡಿ ರಾಮನಗರದಲ್ಲಿ ಜನರಿಗೆ ತೋರಿಸಬೇಕು. ಜನ ಯಾವುದನ್ನು ಮೆಚ್ಚುತ್ತಾರೋ ಆ ತಂಡಕ್ಕೆ ಮಾತ್ರ ಪೂರ್ತಿ ಸಿನಿಮಾ ಮಾಡಲು ಕ್ಯಾಮೆರಾ, ಆಮೇಲೆ ಥಿಯೇಟರಿನಲ್ಲಿ ಒಂದು ಆಟ. ಸೋತವರ ಸಿನಿಮಾ ಅಲ್ಲಿಗೇ ಮುಗಿಯಿತು. ಇವರದು ಕ್ರೈಮ್ ಕಥೆ, ಹೆಸರು 'ಕಡೆಯ ಎಳೆ'. ರೇಷ್ಮೆ ನೂಲು ತೆಗೆಯುವ ಶೆಡ್ಡಿನ ಯಜಮಾನ ಪುಟ್ಮಾದ ಎಂಬ ಹುಡುಗ ಒಂದು ದಿನ ಶೆಡ್ಡಿನಲ್ಲೇ ಹೆಣವಾಗಿ ಬಿದ್ದಿರುತ್ತಾನೆ. ಕೊಂದವರು ಯಾರು? ಟ್ರೇಲರಿನಲ್ಲಿ ಅವನ ಹೆಣದ ಮುಂದೆ ಅಳುವ ಒಂದು ಮುದುಕಿ ಬೇಕು.

"ಎರಡು ವರ್ಷದಿಂದ ಬರೆದಿದೀನಿ ಅಜ್ಜಿ. ಇದು ಹೋದ್ರೆ ಪೂರ್ತಿ ಹೋದಂಗೆ."

ಹುಡುಗಿಯ ಕಣ್ಣು ನೋಡಿ ಹನುಮಂತಮ್ಮನ ಮನಸ್ಸು ಕರಗಿತು. "ಆಯ್ತು ಕಣ್ ಕೂಸೆ, ಅಳ್ತೀನಿ. ಆದ್ರೆ ನಂಗೆ ಹೆಣದ ವಿಚಾರ ಪೂರ್ತಿ ಬೇಕು. ಯಾವೂರೋನು? ಯಾವ ಸಾರು ಇಷ್ಟ? ತಾಯಿ ಬದುಕವ್ಳಾ, ಸತ್ತೋಗವ್ಳಾ?"

ಉಮಾ ಎಲ್ಲವನ್ನೂ ಹೇಳಿದಳು. ತಾಯಿ ಇಲ್ಲ, ಸಾಕಿದವನು ಸೋದರಮಾವ, ಉಪ್ಸಾರು ಮುದ್ದೆ ಅಂದರೆ ಪ್ರಾಣ.

"ಸರಿ. ಕೊಂದೋನ್ಯಾರು?"

ಉಮಾ ತುಟಿ ಕಚ್ಚಿಕೊಂಡಳು. "ಅದೊಂದು ಬೇಡ ಅಜ್ಜಿ. ನಮ್ಮ ಮೂವರನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ. ಕೊಲೆ ಮಾಡೋ ಪಾತ್ರದವರಿಗೇ ಹೇಳಿಲ್ಲ. ಗೊತ್ತಾಗೋದ್ರೆ ಸಿನಿಮಾನೇ ಇಲ್ಲ."

"ಕೊಂದೋನು ಗೊತ್ತಿಲ್ದಂಗೆ ಅಳು ಹೆಂಗವ್ವಾ ಬತ್ತದೆ? ಯಾರ ಮೇಲೆ ಸಿಟ್ಟು ಮಾಡ್ಕಳ್ಲಿ? ಅದು ಉಪ್ಪಿಲ್ದ ಮುದ್ದೆ ಆಯ್ತದೆ." ಹನುಮಂತಮ್ಮ ಕೊಟ್ಟಿಗೆಯ ಕಡೆ ಕೈ ತೋರಿಸಿದಳು. "ನಮ್ಮ ಸೀಮೆ ಹಸು ಮೇಲಾಣೆ. ನನ್ನ ಹೊಟ್ಟೆ ಅಂದ್ರೆ ಕಣ್ವ ಡ್ಯಾಮ್..."

ಡ್ಯಾಮಿನ ವಿಚಾರ ಪೂರ್ತಿ ಕೇಳಿದ ಮೇಲೆ ಉಮಾ ಅವಳ ಕಿವಿಯ ಬಳಿ ಬಗ್ಗಿ ಕೊಲೆಗಾರ ಯಾರೆಂದೂ, ಯಾಕೆ ಕೊಂದನೆಂದೂ ಪಿಸುಗುಟ್ಟಿದಳು. ಹನುಮಂತಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು, "ಅಯ್ಯೋ ಪಾಪಿ!" ಎಂದು ಒಂದು ನಿಮಿಷ ಗೋಡೆಗೆ ಒರಗಿಬಿಟ್ಟಳು. ಕೊಟ್ಟಿಗೆಯಲ್ಲಿ ಸೀಮೆ ಹಸು, ತನ್ನ ಮೇಲೆ ಇಷ್ಟು ದೊಡ್ಡ ಆಣೆ ಬಿದ್ದಿರುವುದು ತಿಳಿಯದೆ, ಮೇವು ಮೆಲ್ಲುತ್ತಿತ್ತು.

ಭಾನುವಾರ ಬೆಳಿಗ್ಗೆ ಹನುಮಂತಮ್ಮನ ಹುಳದ ಮನೆಯಲ್ಲೇ ಶೂಟಿಂಗು. ರೇಷ್ಮೆ ಗೂಡು ಬಿಡಿಸಿ ಆಗಿತ್ತು, ಮನೆ ಖಾಲಿ ಇತ್ತು. ಗವಿ ಚಾಪೆಯ ಮೇಲೆ ಮಲಗಿದ. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ. ನೆರೆಮನೆಗಳ ಇಪ್ಪತ್ತು ಹೆಂಗಸರು ಸುತ್ತ ಕೂತರು. ಸೋದರಮಾವನ ಪಾತ್ರಕ್ಕೆ ಬಸ್‌ಸ್ಟಾಪಿನ ಟೀ ಅಂಗಡಿ ನರಸಯ್ಯ ಸಿಕ್ಕಿದ್ದ. ಹಾಲಿಗೆ ಬಿದ್ದ ಇರುವೆಯನ್ನು ಚಮಚೆಯಲ್ಲಿ ಎತ್ತಿ ಒಣಗಿಸಿ ನೆಲಕ್ಕೆ ಬಿಡುವಂಥ ಸಾಧು ಮನುಷ್ಯ. ಅವನಿಗೆ ಹೇಳಿದ್ದು ಇಷ್ಟೇ: ಕಂಬಕ್ಕೆ ಒರಗಿ ಟವಲಿನಲ್ಲಿ ಕಣ್ಣೊರೆಸಿಕೊಳ್ಳಬೇಕು.

ಮುನವ್ವರಾ ಹನುಮಂತಮ್ಮನ ಸೆರಗಿಗೆ ಒಂದು ಪುಟ್ಟ ಮೈಕು ಸಿಕ್ಕಿಸಿದಳು. "ಅಜ್ಜಿ, ನೀವು ಉಸಿರು ಬಿಟ್ರೂ ಇದಕ್ಕೆ ಕೇಳ್ಸುತ್ತೆ. ಹೆದರ್‍ಕೋಬೇಡಿ, ಶುರು ಮಾಡಿ."

ಹನುಮಂತಮ್ಮ ಗವಿಯ ತಲೆ ಸವರಿದಳು. ಕಣ್ಣು ಮುಚ್ಚಿದಳು.

"ಅಯ್ಯೋ ನನ್ನ ಪುಟ್ಮಾದಾ, ಎದ್ದೇಳೋ ನನ್ನಪ್ಪಾ,
ಉಪ್ಸಾರು ಕಾಯ್ತೈತೆ, ಮುದ್ದೆ ಆರೋಯ್ತೈತೆ..."

ಮೊದಲ ಸಾಲಿಗೇ ಇಪ್ಪತ್ತು ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡರು. ಎರಡನೆಯ ಸಾಲಿಗೆ ಹೆಣದ ಹೊಟ್ಟೆ ಗುರ್ ಎಂದಿತು. ಗವಿ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನಾಲ್ಕನೆಯ ಸಾಲಿಗೆ ಹೆಣದ ಕಣ್ಣಂಚಿನಿಂದ ಒಂದು ಹನಿ ಇಳಿದು ಕಿವಿಯೊಳಕ್ಕೆ ಹೋಯಿತು. ಮುನವ್ವರಾ "ಗವೀ, ಅಳಬೇಡ್ವೋ, ನೀನು ಸತ್ತಿದೀಯ" ಎನ್ನಲು ಬಾಯಿ ತೆರೆದಳು. ಆದರೆ ಎದುರಿಗಿದ್ದದ್ದು ಹೆಣವೋ ಗವಿಯೋ ಕಾಣದಷ್ಟು ಅವಳ ಕಣ್ಣು ತುಂಬಿತ್ತು. ಕ್ಯಾಮೆರಾ ಮಾತ್ರ ಅದರ ಪಾಡಿಗೆ ಅದು ಓಡುತ್ತಿತ್ತು.

ಇಷ್ಟರಲ್ಲಿ ಹೊರಗೆ ಬೇರೆಯದೇ ಸಿನಿಮಾ ಶುರುವಾಗಿತ್ತು. ಹನುಮಂತಮ್ಮನ ಅಳು ಕೇಳಿದ ಊರು, ಕೆಂಚಯ್ಯನೇ ಹೋದನೆಂದು ತೀರ್ಮಾನಿಸಿ, ಹಾರ, ಊದುಬತ್ತಿ ಹಿಡಿದು ಬಂದಿತ್ತು. ನೋಡಿಕೊಳ್ಳಲು ಉಮಾ ಬಾಗಿಲಿಗೆ ಓಡಿದಳು. "ಶೂಟಿಂಗು ಅಣ್ಣಾ, ಶೂಟಿಂಗು!" ಎಂದು ಅವಳು ಗಂಟಲು ಹರಿದುಕೊಳ್ಳುತ್ತಿದ್ದರೆ, ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಕೆಂಚಯ್ಯ ತಾನೇ ಏದುಸಿರು ಬಿಡುತ್ತ ಓಡಿಬಂದ.

"ಯಾರವ್ವಾ ಸತ್ತೋರು? ನಾನಲ್ಲ ತಾನೆ?"

"ನೀವಲ್ಲ ತಾತ!"

"ಸದ್ಯ. ನನ್ನ ಇಸ್ಯ ಏನಾದ್ರೂ ಬಂತಾ ಅದರಾಗೆ?"

ನಲವತ್ತು ನಿಮಿಷ ಹನುಮಂತಮ್ಮ ಅತ್ತಳು. ಆ ನಲವತ್ತು ನಿಮಿಷವೂ ಉಮಾ ಬಾಗಿಲಲ್ಲಿ ನಿಂತು, ತಂದ ಹಾರವನ್ನು ಏನು ಮಾಡುವುದೆಂದು ಜಗಳಕ್ಕೆ ನಿಂತವರನ್ನು ಸಮಾಧಾನ ಮಾಡುತ್ತಿದ್ದಳು. ಒಳಗೆ ಅಳುತ್ತಿದ್ದವರು, ಮುನವ್ವರಾ, ಗವಿ, ನರಸಯ್ಯನೂ ಸೇರಿ, ಯಾರೂ ಮಾತಿಗೆ ಕಿವಿ ಕೊಟ್ಟಿರಲಿಲ್ಲ. ಕೊಟ್ಟವರೂ ಎದ್ದು, ಅಭ್ಯಾಸಬಲದಿಂದ ಹಿತ್ತಿಲಿಗೆ ಹೋಗಿ ಕಾಲು ತೊಳೆದು, ಮಾತನ್ನು ಅಲ್ಲೇ ಬಿಟ್ಟು ಮನೆಗೆ ಹೋದರು.

ಕ್ಯಾಮೆರಾ ಕಾಲು ತೊಳೆಯುವುದಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಎಡಿಟಿಂಗು ಕನಕಪುರದಲ್ಲಿ. ಅಲ್ಲಿ ಮದುವೆ ವಿಡಿಯೋ ಮಾಡುವ ಮುನಿಶಾಮಯ್ಯ ಎಂಬಾತ ಪುಕ್ಕಟೆಗೆ ಒಪ್ಪಿಕೊಂಡಿದ್ದ. ಗುಟ್ಟು ಹೊರಗೆ ಹೋಗಬಾರದೆಂದು ಅವನಿಗೂ ಕಥೆ ಹೇಳಿರಲಿಲ್ಲ. ಉಮಾ ಕೇಳಿಕೊಂಡದ್ದು ಒಂದೇ: "ಮುನಿಶಾಮಣ್ಣ, ಟ್ರೇಲರು ಎರಡು ನಿಮಿಷ ಹತ್ತು ಸೆಕೆಂಡು. ಅಜ್ಜಿ ಎಲ್ಲಿ ಜಾಸ್ತಿ ಅಳಿಸ್ತಾರೋ ಅದನ್ನೇ ಹಾಕಿ."

ಇನ್ನು ಪ್ರಚಾರ. ಹುಡುಗರು ಮೈದಾ ಅಂಟು ಕಾಯಿಸಿ ನಾಲ್ಕು ಊರುಗಳ ಗೋಡೆಗಳಿಗೆ ಪೋಸ್ಟರು ಬಳಿದರು. ಅರ್ಧದಷ್ಟನ್ನು ದನಗಳು ತಿಂದವು, ಉಳಿದರ್ಧದ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಬಂತು. ಅಸಲಿ ಪ್ರಚಾರ ಮಾಡಿದವಳು ಹನುಮಂತಮ್ಮ. ಡೇರಿಯಲ್ಲಿ, ಬಸ್ಸಿನಲ್ಲಿ, ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ, ಕಂಡಕಂಡವರನ್ನು ಅವಳು ನಿಲ್ಲಿಸಿ ಕೇಳುತ್ತಿದ್ದಳು: "ಪುಟ್ಮಾದನ್ನ ಕೊಂದೋರು ಯಾರು ಗೊತ್ತಾ?"

"ಯಾವ ಪುಟ್ಮಾದ? ಯಾರು?"

"ನಂಗೊತ್ತು. ಹೇಳಾಕಿಲ್ಲ."

ಅಷ್ಟು ಹೇಳಿ ಮುಂದಕ್ಕೆ ಹೋಗಿಬಿಡುತ್ತಿದ್ದಳು. ಎರಡು ವಾರದಲ್ಲಿ ಸೀಮೆಯೆಲ್ಲ ಹುಚ್ಚಾಯಿತು. ಹಲಸಿನಹಣ್ಣು ಬಂತು, ಕಜ್ಜಾಯ ಬಂತು, ಮುಯ್ಯಿಗೆ ಮುಯ್ಯಿ ಅಂತ ತಮ್ಮ ಮನೆಯ ಇನ್ನೂ ದೊಡ್ಡ ಗುಟ್ಟು ಹೇಳುತ್ತೇವೆಂದವರೂ ಬಂದರು. ಹನುಮಂತಮ್ಮ ಕಜ್ಜಾಯ ತಿಂದಳು, ಗುಟ್ಟನ್ನು ಕೇಳಿಸಿಕೊಂಡಳು, ತನ್ನ ಬಾಯಿ ಬಿಡಲಿಲ್ಲ. ಕಡೆಗೆ ನರಸಯ್ಯನೇ ಟೀ ತಂದುಕೊಟ್ಟು ಮೆಲ್ಲಗೆ ಕೇಳಿದ.

"ಅಮ್ಮೋ, ನಂಗೊಬ್ಬನಿಗೆ ಹೇಳ್ಬುಡಿ. ಕೊಂದೋನು ನಾನಲ್ಲ ತಾನೆ? ನಮ್ಮ ಸಿದ್ದಮ್ಮ ದಿನಾ ಕೇಳ್ತಾಳೆ."

"ಟೀಗೆ ಒಸಿ ಸಕ್ಕರೆ ಹಾಕು ನರಸಯ್ಯಾ" ಎಂದಳು ಹನುಮಂತಮ್ಮ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಸ್ಪರ್ಧೆಯ ದಿನ ಹೊಂಗನೂರಿನಿಂದ ಎರಡು ಬಸ್ಸಿನ ಜನ ರಾಮನಗರಕ್ಕೆ ಹೊರಟರು. ಬಸ್ಸುಗಳು ಹೆಂಗಸರ ಕಡೆಗೆ ವಾಲಿಕೊಂಡೇ ಹೋದವು. ಸ್ಪರ್ಧೆ ನಡೆಯುವ ಹಾಲ್ ತುಂಬಿ, ಕಿಟಕಿಯ ಸರಳಿಗೂ ಜನ ಜೋತುಬಿದ್ದಿದ್ದರು. ಬಾಗಿಲಲ್ಲಿ ಪ್ರತಿಯೊಬ್ಬರ ಕೈಗೂ ನೂಲು ಬಾರದ ಒಂದೊಂದು ತೂತು ಗೂಡು ಕೊಟ್ಟರು. ಮೆಚ್ಚಿದ ಟ್ರೇಲರಿನ ಬುಟ್ಟಿಗೆ ಗೂಡು ಹಾಕಬೇಕು, ಆಮೇಲೆ ನಾಲ್ಕು ಬುಟ್ಟಿಯನ್ನೂ ಮಾರ್ಕೆಟ್ಟಿನ ತಕ್ಕಡಿಯಲ್ಲೇ ತೂಗುವುದು. ರಾಮನಗರದಲ್ಲಿ ಯಾವುದೇ ವಿಷಯವನ್ನು ತೂಗದೆ ನಂಬುವ ಪದ್ಧತಿಯಿಲ್ಲ.

ತೀರ್ಪುಗಾರರ ಕುರ್ಚಿಯಲ್ಲಿ ಪರಮಶಿವಯ್ಯನವರಿದ್ದರು. ರಿಟೈರಾದ ಮೇಷ್ಟ್ರು. ಯಾವುದೇ ಕೊಲೆಯ ಸಿನಿಮಾದಲ್ಲಿ ಇಂಟರ್‌ವಲ್ಲಿಗೆ ಮುಂಚೆಯೇ ಕೊಲೆಗಾರನನ್ನು ಜೋರಾಗಿ ಹೇಳಿ, ಪಕ್ಕದವರ ಟಿಕೆಟ್ಟಿಗೆ ಕಲ್ಲು ಹಾಕುವುದರಲ್ಲಿ ಮೂವತ್ತು ವರ್ಷದ ಸರ್ವಿಸ್ಸು. ರಾಮನಗರದ ಥಿಯೇಟರುಗಳಲ್ಲಿ ಅವರ ಅಕ್ಕಪಕ್ಕದ ಎರಡು ಸೀಟು ಸದಾ ಖಾಲಿ.

ಮೂರು ಟ್ರೇಲರುಗಳು ಆಗುತ್ತ ಬಂದರೂ 'ಕಡೆಯ ಎಳೆ' ಬಂದಿರಲಿಲ್ಲ. ಮುನಿಶಾಮಯ್ಯ ಅದನ್ನು ಪೆನ್‌ಡ್ರೈವಿಗೆ ಹಾಕಿ, ಪೇಪರಿನಲ್ಲಿ ಸುತ್ತಿ, ಕನಕಪುರದ ಪ್ರೈವೇಟ್ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟಿದ್ದ. ಮದುವೆ ಪತ್ರಿಕೆ, ಮಾತ್ರೆ, ಟ್ರ್ಯಾಕ್ಟರಿನ ಬೋಲ್ಟು, ಎಲ್ಲವೂ ಹಾಗೇ ತಲುಪುವ ಸೀಮೆ ಅದು. ಕಂಡಕ್ಟರ ತಡವಾಗಿ ಬಂದು, ಚೀಲವೆಲ್ಲ ತಡಕಿ, ಚಿಲ್ಲರೆಯ ನಡುವಿನಿಂದ ಅದನ್ನು ಹೆಕ್ಕಿ ಕೊಟ್ಟಾಗ ಇವರ ಹೆಸರನ್ನು ಕೂಗಿಯಾಗಿತ್ತು. ಒಂದು ಸಲ ನೋಡುವುದಕ್ಕೂ ಸಮಯವಿಲ್ಲದೆ ಉಮಾ ಹಾಗೇ ಮಿಷಿನ್ನಿಗೆ ಚುಚ್ಚಿದಳು.

ಪರದೆಯ ಮೇಲೆ ಹುಳದ ಮನೆ ಬಂತು. ಚಾಪೆಯ ಮೇಲೆ ಹೆಣ. ಹನುಮಂತಮ್ಮನ ದನಿ ಎದ್ದಿತು. ಹಾಲಿನಲ್ಲಿ ಮೊದಲು ಪಿಸುಮಾತು ನಿಂತಿತು, ಆಮೇಲೆ ಫ್ಯಾನುಗಳೂ ನಿಂತಂತಾಯಿತು. ಮುಂದಿನ ಸಾಲಿನಲ್ಲಿದ್ದ ಹನುಮಂತಮ್ಮ ತನ್ನ ಅಳುವನ್ನು ತಾನೇ ಮೊದಲ ಸಲ ಕೇಳುತ್ತಿದ್ದಳು. 'ಪರವಾಗಿಲ್ಲ, ಚೆನ್ನಾಗೇ ಅಳ್ತೀನಿ' ಎಂದುಕೊಳ್ಳುವಷ್ಟರಲ್ಲಿ ಪರದೆಯ ಮುದುಕಿ ಎದೆ ಬಡಿದುಕೊಂಡು ದನಿ ಏರಿಸಿದಳು:

"ಎತ್ತಿ ಆಡಿಸಿದ ಕೈಯೇ ಎತ್ತಿ ಬಡೀತಲ್ಲೋ,
ಸಾಕಿದ ಸೋದರಮಾವ್ನೇ ಹೆಣ ಮಾಡ್ಬುಟ್ಟನಲ್ಲೋ,
ಕಂಬಕ್ಕೆ ಒರಗ್ಕೊಂಡು ಕಣ್ಣೊರಸ್ಕತಾವ್ನೆ ನೋಡೋ,
ಆ ಟವಲ್ಲಿಗೇ ನಾಚಿಕೆ ಆಯ್ತೈತೆ ನನ್ನಪ್ಪಾ..."

ಪರದೆ ಕಪ್ಪಾಯಿತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಬಂತು: 'ಕೊಂದವರು ಯಾರು?'

ಹಾಲಿನಲ್ಲಿದ್ದ ಎಲ್ಲ ತಲೆಗಳೂ ಒಟ್ಟಿಗೆ ನರಸಯ್ಯನ ಕಡೆ ತಿರುಗಿದವು. ಎಲ್ಲಕ್ಕಿಂತ ಮೊದಲು ತಿರುಗಿದ್ದು ಪಕ್ಕದಲ್ಲಿದ್ದ ಹೆಂಡತಿ ಸಿದ್ದಮ್ಮನದು.

"ನೀನಾ?"

"ನಂಗೇ ಗೊತ್ತಿಲ್ಲ ಕಣೆ!" ಎಂದ ನರಸಯ್ಯ, ಅಳುವ ದನಿಯಲ್ಲಿ. ಬೆವರು ಒರೆಸಿಕೊಳ್ಳಲು ಟವಲಿಗೆ ಕೈ ಹಾಕಿದವನು ಬೆಂಕಿ ಮುಟ್ಟಿದವನಂತೆ ಬಿಟ್ಟುಬಿಟ್ಟ.

ಉಮಾ ಮಿಷಿನ್ನಿನ ಪಕ್ಕ ಕುಸಿದು ಕೂತಳು. ಎರಡು ವರ್ಷ ಬರೆದದ್ದು ನಾಲ್ಕು ಸಾಲಿನಲ್ಲಿ ಹೋಗಿತ್ತು. ಹನುಮಂತಮ್ಮನ ಡ್ಯಾಮು ಒಡೆದಿತ್ತು, ಅದೂ ಮೈಕಿನಲ್ಲಿ, ನಾಲ್ಕು ಊರಿನ ಜನರೆದುರು. ಈಗ ಮನೆಗೆ ಹೋಗಿ ಸೀಮೆ ಹಸುವಿನ ಮುಖ ಹೇಗೆ ನೋಡುವುದು? ಹಿಂದಿನ ಸಾಲಿನಲ್ಲಿ ಕೂತ ಹೊಂಗನೂರಿನ ಹೆಂಗಸರು ತಂತಮ್ಮ ಗುಟ್ಟು ನೆನೆದು ಒಬ್ಬರ ಮುಖ ಒಬ್ಬರು ನೋಡತೊಡಗಿದ್ದರು.

ಪರಮಶಿವಯ್ಯನವರು ಮೈಕು ಹಿಡಿದರು. "ಅಳು ಚೆನ್ನಾಗಿತ್ತು. ಆದರೆ ಕೊಲೆಗಾರನನ್ನ ಟ್ರೇಲರಲ್ಲೇ ಹೇಳಿಬಿಟ್ಟ ಕ್ರೈಮ್ ಸಿನಿಮಾ ಭೂಮಂಡಲದಲ್ಲಿ ಇದೊಂದೇ. ನಾನು ಕಂಡುಹಿಡಿಯೋಕೆ ಏನು ಉಳೀತು? ಏನಮ್ಮಾ, ಎಲ್ಲಾ ನೀನೇ ಹೇಳಿದ ಮೇಲೆ ಜನ ಈ ಸಿನಿಮಾಕ್ಕೆ ಯಾಕೆ ಬರಬೇಕು?"

ಇಡೀ ಸಭೆ ನಕ್ಕಿತು. ಹನುಮಂತಮ್ಮ ಎದ್ದು ಉಮಾಳ ಬಳಿ ಹೋದಳು.

"ತಪ್ಪಾಯ್ತು ಕಣ್ ಕೂಸೆ. ನಾನು ಯಾರ ಮುಂದೂ ಬಾಯಿ ಬುಟ್ಟಿಲ್ಲ. ಅದು ಮಾತಲ್ಲ, ಅಳು. ಅಳು ಅಂದ್ರೆ ತೊಳೆದೋಯ್ತದೆ ಅಂದ್ಕೊಂಡಿದ್ದೆ."

"ಹೋಗ್ಲಿ ಬಿಡಿ ಅಜ್ಜಿ" ಎಂದಳು ಉಮಾ. ತಲೆ ಎತ್ತಲಿಲ್ಲ.

ಆ ಎತ್ತದ ತಲೆ ನೋಡಿ ಹನುಮಂತಮ್ಮನಿಗೆ ರೇಗಿತು. ಯಾರ ಮೇಲೆಂದು ಅವಳಿಗೇ ಗೊತ್ತಿಲ್ಲ, ಸಿಕ್ಕಿದವರು ಪರಮಶಿವಯ್ಯನವರು. ನೆಟ್ಟಗೆ ವೇದಿಕೆ ಹತ್ತಿದಳು.

"ಸ್ವಾಮಿ ಮೇಷ್ಟ್ರೇ, ನಾನು ನಲವತ್ತು ವರ್ಸದಿಂದ ಸಾವಿನ ಮನೆಗೆ ಓಯ್ತಾ ಇವ್ನಿ. ಸತ್ತೋರು ಯಾರು ಅಂತ ಗೊತ್ತಿದ್ದೇ ಜನ ಬತ್ತಾರೆ. ಹೆಂಗೆ ಸತ್ರು ಅಂತಾನೂ ಗೊತ್ತಿರ್ತದೆ. ಆದ್ರೂ ಯಾಕ್ ಬತ್ತಾರೆ? ಯಾಕ್ ಹಿಂಗಾಯ್ತು ಅಂತ ತಿಳ್ಕಳಾಕೆ. ಸಾಕಿ ಸಲಹಿದ ಮಾವ, ಮುದ್ದೆ ತಟ್ಟಿ ಬಾಯಿಗಿಟ್ಟೋನು. ಅಂಥೋನು ಕೈ ಎತ್ತಿದ. ಯಾಕೆ? ಹೇಳಿ, ಯಾಕೆ?"

ಪರಮಶಿವಯ್ಯನವರು ಬಾಯಿ ತೆರೆದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಅದರಿಂದ ಉತ್ತರದ ಬದಲು ಪ್ರಶ್ನೆ ಹೊರಟಿತು.

"ಆಸ್ತಿಗೆ?"

"ಅಲ್ಲ."

"ಹೆಣ್ಣಿಗೆ?"

"ಥೂ, ಅಲ್ಲ."

ಹಿಂದಿನಿಂದ ಸಿದ್ದಮ್ಮ ಎದ್ದು ನಿಂತಳು. ಕೈಯಲ್ಲಿ ನರಸಯ್ಯನ ಟವಲಿತ್ತು. "ಮತ್ತೆ ಯಾಕೆ ಕೊಂದ ಇವನು? ಅದನ್ನ ಹೇಳ್ರವ್ವಾ! ನಾನು ಇವನ ಜೊತೆ ಮನೆಗೆ ಹೋಗ್ಬೇಕು!"

"ಹೌದು, ಯಾಕೆ?" "ಹೇಳಮ್ಮೋ!" "ಪುಟ್ಮಾದ ಏನು ಮಾಡಿದ್ದ?" ಹಾಲಿನ ತುಂಬ ಇದೇ ಕೂಗು. ಉಮಾ ಈಗ ತಲೆ ಎತ್ತಿದಳು. ಅವಳ ಮುಖ ನೋಡುತ್ತಿದ್ದಂತೆಯೇ ಬದಲಾಯಿತು. ಓಡಿಬಂದು ಮೈಕು ಕಿತ್ತುಕೊಂಡಳು.

"ಯಾಕೆ ಅನ್ನೋದು ಸಿನಿಮಾದಲ್ಲಿದೆ! ಗೂಡು ಹಾಕಿದ್ರೆ ಸಿನಿಮಾ, ಇಲ್ದಿದ್ರೆ ಅದು ಯಾವತ್ತೂ ಗೊತ್ತಾಗಲ್ಲ!"

ಆಮೇಲೆ ನಡೆದದ್ದನ್ನು ರಾಮನಗರದವರು ಈಗಲೂ ಹೇಳುತ್ತಾರೆ. ಬುಟ್ಟಿ ತುಂಬಿತು, ಮೇಲೆ ಗೋಪುರ ಕಟ್ಟಿತು. ಬೇರೆ ಬುಟ್ಟಿಗೆ ಆಗಲೇ ಹಾಕಿದ್ದ ಗೂಡನ್ನು ಎತ್ತಿ ಇದಕ್ಕೆ ಹಾಕಲು ಹೋಗಿ ಮೂವರು ಸಿಕ್ಕಿಬಿದ್ದರು. ಎದುರಾಳಿ ಮಾಗಡಿ ಕಾಲೇಜು ತಂಡದ ಡೈರೆಕ್ಟರೇ ತನ್ನ ಗೂಡನ್ನು ಇವರ ಬುಟ್ಟಿಗೆ ಹಾಕಿ, ಯಾರಾದರೂ ನೋಡಿದರಾ ಎಂದು ಸುತ್ತ ನೋಡಿದನಂತೆ. ತಕ್ಕಡಿ ಇಳಿದು ನೆಲ ಮುಟ್ಟಿ, ಗಾರೆಯಲ್ಲಿ ಎರಡಂಗುಲ ಗುಳಿ ಬಿದ್ದಿತ್ತು. ತೂತು ಗೂಡಿಗೆ ಅಷ್ಟು ತೂಕ ಎಲ್ಲಿಂದ ಬಂತೆಂದು ಕೇಳಬಾರದು. ಗುಳಿ ಬೇಕಾದರೆ ಈಗಲೂ ಇದೆ.

ಸಿನಿಮಾ ತಯಾರಾಗಲು ಆರು ತಿಂಗಳು ಹಿಡಿಯಿತು. ಅಷ್ಟು ದಿನವೂ ನರಸಯ್ಯನ ಅಂಗಡಿಯಲ್ಲಿ ಟೀ ಕುಡಿಯಲು ಜನ ಕ್ಯೂ ನಿಲ್ಲುತ್ತಿದ್ದರು. ಲೋಟ ತೆಗೆದುಕೊಳ್ಳುವಾಗ ಅವನ ಕೈಯನ್ನೇ ನೋಡುತ್ತ, "ಯಾಕ್ಲಾ ಕೊಂದೆ, ಪಾಪ?" ಎನ್ನುತ್ತಿದ್ದರು. ಅವನು, "ಇವತ್ತಿನವರೆಗೂ ಹೇಳಿಲ್ಲ ಕಣ್ಲಾ" ಎಂದು ನಿಟ್ಟುಸಿರು ಬಿಟ್ಟು ಶುಂಠಿ ಕುಟ್ಟುತ್ತಿದ್ದ. ಹನುಮಂತಮ್ಮ ಮಾತ್ರ ಬದಲಾಗಿದ್ದಳು. ಡೇರಿಯಲ್ಲಿ ಈಗ ಡ್ಯಾಮಿನ ಸುದ್ದಿ ಎತ್ತುತ್ತಿರಲಿಲ್ಲ.

ಥಿಯೇಟರಿನ ಆಟಕ್ಕೆ ಇನ್ನೆರಡು ದಿನವಿದೆ ಎನ್ನುವಾಗ, ಒಂದು ಬೆಳಿಗ್ಗೆ ಪರಮಶಿವಯ್ಯನವರು ಚನ್ನಪಟ್ಟಣದ ಬಸ್ಸು ಹಿಡಿದು ಹೊಂಗನೂರಿಗೆ ಬಂದಿಳಿದರು. ಸೊರಗಿ ಅರ್ಧವಾಗಿದ್ದರು. ಕೆನ್ನೆ ಒಳಕ್ಕೆ ಹೋಗಿತ್ತು. ಜಗುಲಿಯ ಮೇಲೆ ಕೂತು, ಹನುಮಂತಮ್ಮ ಕೊಟ್ಟ ಕಾಫಿಯನ್ನು ಕೈಯಲ್ಲೇ ಹಿಡಿದುಕೊಂಡರು. ಮೂಲೆಯಲ್ಲಿ ಕೆಂಚಯ್ಯ ಮೊರದಲ್ಲಿ ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದ.

"ಹನುಮಂತಮ್ಮನೋರೇ, ಆರು ತಿಂಗಳಿಂದ ನಿದ್ದೆ ಇಲ್ಲ. ನಲವತ್ತು ಕಾರಣ ಬರೆದು ನೋಡಿದೆ, ಒಂದೂ ಕೂಡಲಿಲ್ಲ. ನಾಡಿದ್ದು ಥಿಯೇಟರಲ್ಲಿ ನಾಲ್ಕು ಜನರ ಜೊತೆ ನಾನೂ ಬಾಯಿ ಬಿಟ್ಕೊಂಡು ಕೂರೋದಾ? ಮರ್ಯಾದೆ ಪ್ರಶ್ನೆ. ನನಗೊಬ್ಬನಿಗೆ ಹೇಳಿಬಿಡಿ, ಅವನು ಯಾಕೆ ಕೊಂದ?"

"ಹೇಳಾಕಿಲ್ಲ ಮೇಷ್ಟ್ರೇ."

"ಯಾರು ಕೊಂದ ಅಂತ ಊರಿಗೆಲ್ಲ ಸಾರಿದೋರು ನೀವೇ ಅಲ್ವಾ? ಅದಕ್ಕಿಲ್ಲದ ಗುಟ್ಟು ಇದಕ್ಕೇನು ಬಂತು?"

ಕೆಂಚಯ್ಯ ಕೈ ನಿಲ್ಲಿಸಿ ಹೆಂಡತಿಯ ಮುಖ ನೋಡಿದ. ಹನುಮಂತಮ್ಮ ಎದ್ದು ಒಳಗೆ ಹೋಗಿ, ಕಂಕುಳಲ್ಲಿ ಚಾಪೆಯ ಸುರುಳಿ ಇಟ್ಟುಕೊಂಡು ಬಂದಳು. ಜಗುಲಿಯ ನಡುವೆ ಅದನ್ನು ಬಿಚ್ಚಿ ಹಾಸಿ, ಧೂಳು ಕೊಡವಿ, ತಲೆದೆಸೆಯಲ್ಲಿ ತಾನು ಚಕ್ಕಂಬಕ್ಕಳ ಹಾಕಿ ಕೂತಳು.

"ನಾನು ಗುಟ್ಟು ಬುಡೋದು ಹೆಣದ ಮುಂದೆ ಮಾತ್ರ ಮೇಷ್ಟ್ರೇ. ಬನ್ನಿ, ಮಲ್ಕಳಿ."